ಪರವಾಗಿಲ್ಲ ಬಿಡು

ನಮ್ಮ ಗೌರಿಬಿದನೂರಿನಲ್ಲಿ ಕ್ಷೇಮ ಸಮಾಚಾರ ಎರಡು ಭಾಷೆಯಲ್ಲಿ ನಡೆಯುತ್ತದೆ. ಆಂಧ್ರದ ಗಡಿ ಪಕ್ಕದಲ್ಲೇ ಇದೆಯಲ್ಲ. ಸೊಪ್ಪು ಮಾರುವವಳು ತೆಲುಗಿನಲ್ಲಿ "ಪರವಾಲೇದಮ್ಮಾ" ಎನ್ನುತ್ತಾಳೆ, ನಾನು ಕನ್ನಡದಲ್ಲಿ "ಪರವಾಗಿಲ್ಲ" ಎನ್ನುತ್ತೇನೆ. ಇಬ್ಬರಿಗೂ ಅರ್ಥವಾದಂತೆ ತಲೆಯಾಡಿಸಿ ಮುಂದಕ್ಕೆ ಹೋಗುತ್ತೇವೆ. ಈ ಒಂದು ಮಾತಿನಿಂದ ನಾವು ಹೆಂಗಸರು ಎಷ್ಟು ಕೆಲಸ ತೆಗೆಯುತ್ತೇವೆ ನೋಡಿ. ಸಾರು ಹೇಗಿದೆ ಎಂದರೆ ಪರವಾಗಿಲ್ಲ. ಬಸ್ಸಿನಲ್ಲಿ ಯಾರೋ ಕಾಲು ತುಳಿದರೆ ಪರವಾಗಿಲ್ಲ. ಹಬ್ಬಕ್ಕೆ ಸೀರೆ ತರಲಾಗಲಿಲ್ಲ ಎಂದರೆ ಪರವಾಗಿಲ್ಲ. ಜ್ವರ ಬಿಟ್ಟರೂ ಪರವಾಗಿಲ್ಲ, ಬಿಡದಿದ್ದರೂ ಪರವಾಗಿಲ್ಲ.

ಈ ಮಾತಿನ ಬಗ್ಗೆ ನಾನು ಕೂತು ಯೋಚಿಸುವಂತಾದದ್ದು ಮಗಳಿಂದ. ಅವಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದಾಳೆ. ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ ಮಾಡಬಹುದಾದ್ದರಿಂದ ಆಗಾಗ ರೈಲು ಹತ್ತಿ ಬಂದುಬಿಡುತ್ತಾಳೆ. ಕಳೆದ ಅವರೆಕಾಯಿ ಕಾಲದಲ್ಲಿ ಹೀಗೆ ಬಂದಿದ್ದಾಗ ಊಟದ ಮೇಜಿನ ಒಂದು ತುದಿಯಲ್ಲಿ ಅವಳ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ನನ್ನ ಅವರೆಕಾಯಿ ಮೊರ. ಎರಡು ದಿನದಿಂದ ಅವಳು ಒಂದೇ ಥರದ ಸಾಲುಗಳನ್ನು ನೋಡುತ್ತಾ, ಪೆನ್ಸಿಲಿನಲ್ಲಿ ಏನೋ ಪಟ್ಟಿ ಮಾಡುತ್ತಾ ಇದ್ದಳು.

"ಏನೇ ಅದು, ಅಷ್ಟೊಂದು ಉದ್ದ?" ಎಂದೆ.

"ತಪ್ಪು ಹೇಳೋ ರೀತಿ ಸರಿ ಮಾಡ್ತಾ ಇದ್ದೀನಮ್ಮ."

ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಮಕ್ಕಳ ತಪ್ಪು ತಿದ್ದಿದವಳು ನಾನು. ತಪ್ಪನ್ನು ಸರಿ ಮಾಡುವುದು ಗೊತ್ತು. ತಪ್ಪು ಹೇಳುವ ರೀತಿಯನ್ನು ಸರಿ ಮಾಡುವುದು ಎಂದರೇನು? ಕೇಳಿದೆ. ಅವಳಿಗೂ ಕಣ್ಣು ದಣಿದಿತ್ತೇನೋ, ಮೊರದಿಂದ ಒಂದು ಹಿಡಿ ಕಾಯಿ ತನ್ನ ಕಡೆ ಎಳೆದುಕೊಂಡು ಹೇಳತೊಡಗಿದಳು.

ಅವಳ ಪ್ರೋಗ್ರಾಂ ಇರುವುದು ಸಿ ಎಂಬ ಭಾಷೆಯಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಎಂಬಾತ 1972ರ ಸುಮಾರಿಗೆ ರೂಪಿಸಿದ್ದು. ಹಳೆಯದಾದರೂ ಇವತ್ತಿಗೂ ನಮ್ಮ ಕೈಯಲ್ಲಿರುವ ಫೋನಿನ ಹೊಟ್ಟೆಯೊಳಗೆ ಕೆಲಸ ಮಾಡುತ್ತಿರುವುದು ಬಹುಪಾಲು ಅದೇ ಅಂತೆ. ಅದರಲ್ಲಿ ಕೆಲಸವನ್ನು ಸಣ್ಣಸಣ್ಣದಾಗಿ ಹಂಚಿ, ಒಂದೊಂದು ತುಂಡಿಗೂ ಒಂದು ಹೆಸರಿಟ್ಟು ಕರೆಯುತ್ತಾರೆ. ಅಂಗಡಿಗೆ ಹುಡುಗನನ್ನು ಕಳಿಸಿದ ಹಾಗೆ. ಹೋಗಿ ಬಂದವನು ಒಂದೇ ಒಂದು ಉತ್ತರ ತರಬಹುದು. ತೊಂದರೆ ಇರುವುದು ಇಲ್ಲೇ. ಅಂಗಡಿ ಮುಚ್ಚಿತ್ತು, ದುಡ್ಡು ದಾರಿಯಲ್ಲಿ ಬಿದ್ದುಹೋಯಿತು, ಬೆಲ್ಲ ಇರಲಿಲ್ಲ ಎಂಬುದನ್ನೂ ಅವನು ಆ ಒಂದೇ ಉತ್ತರದೊಳಗೆ ಹೇಳಬೇಕು. ತಪ್ಪು ಹೇಳುವುದಕ್ಕೆ ಬೇರೆ ಬಾಗಿಲನ್ನು ಆ ಭಾಷೆ ಇಟ್ಟಿಲ್ಲ. ಹೇಗೆ ಹೇಳಬೇಕೆಂಬುದನ್ನೂ ಕಡ್ಡಾಯ ಮಾಡಿಲ್ಲ. ಬರೆಯುವವರು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಳ್ಳಬೇಕು.

ಒಬ್ಬರು, ಎಲ್ಲ ಸರಿಯಾಗಿದ್ದರೆ ಸೊನ್ನೆ, ಇಲ್ಲದಿದ್ದರೆ ಮೈನಸ್ ಒಂದು ಎನ್ನುತ್ತಾರೆ. ಇನ್ನೊಬ್ಬರು, ಸರಿಯಾದರೆ ಒಂದು, ತಪ್ಪಾದರೆ ಸೊನ್ನೆ ಎನ್ನುತ್ತಾರೆ. ಭಾಷೆಯ ಜೊತೆಗೇ ಬರುವ ಸಲಕರಣೆಗಳಲ್ಲೂ ಇದೇ ಗೊಂದಲ. ಕಡತ ತೆರೆಯಲು ಹೇಳಿ ಅದು ಆಗದಿದ್ದರೆ ಖಾಲಿ ಕೈ ಬರುತ್ತದೆ. ಅದೇ ಕಡತವನ್ನು ಮುಚ್ಚಲು ಹೇಳಿ ಅದು ಸರಿಯಾಗಿ ಮುಚ್ಚಿದರೆ ಸೊನ್ನೆ ಬರುತ್ತದೆ. ಅವಳ ಕೈಗೆ ಬಂದಿದ್ದ ಪ್ರೋಗ್ರಾಮಿಗೆ ಹದಿನೆಂಟು ವರ್ಷ ವಯಸ್ಸು. ಬರೆದವರಲ್ಲಿ ಮುಕ್ಕಾಲು ಜನ ಕೆಲಸ ಬಿಟ್ಟು ಹೋಗಿದ್ದಾರೆ. ಒಂದೇ ಮನೆಗೆ ಬಂದ ನಾಲ್ವರು ಸೊಸೆಯರು ತಂತಮ್ಮ ತೌರಿನ ಉಪ್ಪು ಹುಳಿಯ ಅಳತೆ ತಂದ ಹಾಗೆ ಪ್ರತಿಯೊಬ್ಬರೂ ತಮ್ಮ ಪದ್ಧತಿ ತಂದಿದ್ದಾರೆ.

"ಸೊನ್ನೆ ಅಂದರೆ ಹೇಗೇ ಒಳ್ಳೇದಾಗುತ್ತೆ? ನಾನು ಎಷ್ಟು ಮಕ್ಕಳಿಗೆ ಸೊನ್ನೆ ಹಾಕಿ ಅಳಿಸಿದ್ದೀನಿ" ಎಂದೆ.

"ಸರಿಯಾಗಿದ್ದರೆ ಹೇಳೋದಕ್ಕೆ ಏನೂ ಇರಲ್ಲವಲ್ಲಮ್ಮ, ಅದಕ್ಕೆ ಒಂದು ಸೊನ್ನೆ ಸಾಕು. ಕೆಡೋದಕ್ಕೆ ನೂರು ದಾರಿ ಇರುತ್ತೆ. ಅದಕ್ಕೆ ಉಳಿದ ಸಂಖ್ಯೆ ಎಲ್ಲ ಬೇಕು. ಯಾವ ಸಂಖ್ಯೆ ಬಂತು ಅಂತ ನೋಡಿದರೆ ಏನು ಕೆಟ್ಟಿದೆ ಅಂತ ಗೊತ್ತಾಗುತ್ತೆ."

ಇಷ್ಟು ಕೇಳಿ ನಾನು ಎದ್ದು ಒಗ್ಗರಣೆ ಹಾಕಲು ಹೋಗಿಬಿಡುತ್ತಿದ್ದೆನೇನೋ. ಆದರೆ ಅವಳು ಇನ್ನೊಂದು ಸಂಗತಿ ಹೇಳಿದಳು. 2014ರ ಮಾರ್ಚಿನಲ್ಲಿ ಹೊರಬಿದ್ದದ್ದು. ಜಗತ್ತಿನ ಅನೇಕ ಕಂಪ್ಯೂಟರುಗಳಲ್ಲಿ, ನಾವು ಮಾತಾಡುತ್ತಿರುವ ಕಡೆಯವರು ನಿಜವಾಗಿ ಅವರೇ ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡಿಕೊಡುವ ಗ್ನೂಟಿಎಲ್‌ಎಸ್ ಎಂಬ ಪ್ರೋಗ್ರಾಂ ಭಾಗವಿತ್ತು, ಸಿ ಭಾಷೆಯದೇ. ಅದರೊಳಗೆ ಒಂದು ತುಂಡಿನ ಕೆಲಸ, ಈ ಪ್ರಮಾಣಪತ್ರ ಕೊಟ್ಟವರಿಗೆ ಕೊಡುವ ಅಧಿಕಾರ ಇದೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎನ್ನುವುದು. ಹೌದು ಎಂದರೆ ಒಂದು, ಇಲ್ಲ ಎಂದರೆ ಸೊನ್ನೆ. ಆದರೆ ನೋಡುತ್ತಿರುವಾಗಲೇ ಪತ್ರ ಓದಲಾಗದೆ ಎಡವಟ್ಟಾದರೆ? ಆಗ ಆ ತುಂಡು ಇನ್ನೊಂದು ಪದ್ಧತಿಯ ಪ್ರಕಾರ ಮೈನಸ್ ಸಂಖ್ಯೆಯೊಂದನ್ನು ಕೊಡುತ್ತಿತ್ತು. "ನನ್ನಿಂದ ಪರೀಕ್ಷೆ ಮಾಡಲಾಗಲಿಲ್ಲ" ಎಂದು ಅದರ ಅರ್ಥ. ಕೇಳಿಸಿಕೊಳ್ಳುವ ತುಂಡಿಗೆ ಗೊತ್ತಿದ್ದದ್ದು ಇಷ್ಟೇ: ಸೊನ್ನೆ ಬಂದರೆ ಇಲ್ಲ, ಸೊನ್ನೆಯಲ್ಲದೆ ಏನು ಬಂದರೂ ಹೌದು. ಹೀಗೆ "ನನ್ನಿಂದ ಆಗಲಿಲ್ಲ" ಎಂಬ ಮಾತು ಆ ಕಡೆ ಹೋಗಿ "ಹೌದು" ಎಂದು ಕೇಳಿಸುತ್ತಿತ್ತು. ಬೇಕೆಂದೇ ಹಾಗೆ ಓದಲಾಗದಂತೆ ಮಾಡಿದ ಸುಳ್ಳು ಪತ್ರವೂ ಒಳಗೆ ಬಂದುಬಿಡಬಹುದಿತ್ತು. ವರ್ಷಗಟ್ಟಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಹೇಳಿದವನು ಸುಳ್ಳು ಹೇಳಿಲ್ಲಮ್ಮ. ಕೇಳಿದವನೂ ಕೇಳದೆ ಬಿಟ್ಟಿಲ್ಲ" ಎಂದಳು ಮಗಳು.

ನನ್ನ ಕೈಯ ಅವರೆಕಾಯಿ ಕೈಯಲ್ಲೇ ಉಳಿಯಿತು.

ನನ್ನ ತೌರು ಶಿಡ್ಲಘಟ್ಟದ ಕಡೆ ಒಂದು ಹಳ್ಳಿ. ಅಪ್ಪನಿಗೆ ಎರಡು ಎಕರೆ ಹಿಪ್ಪುನೇರಳೆ ಇತ್ತು. ಹುಳು ಸಾಕುವುದು ಪೂರ್ತಿ ಅಮ್ಮನ ಕೆಲಸ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಾವು ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಆಗ ಹುಳು ತಲೆಯೆತ್ತಿಕೊಂಡು ಅಲ್ಲಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಸಪ್ಪೆ ರೋಗ ಬಂದ ಹುಳುವೂ ಸೊಪ್ಪು ಮುಟ್ಟುವುದಿಲ್ಲ, ಮಂಕಾಗಿ ಬಿದ್ದಿರುತ್ತದೆ. ಗೊತ್ತಿಲ್ಲದವರಿಗೆ ಎರಡೂ ಒಂದೇ. ಒಂದು ಬೆಳೆಯುತ್ತಿರುವ ಲಕ್ಷಣ, ಇನ್ನೊಂದು ಸಾಯುತ್ತಿರುವ ಲಕ್ಷಣ. ಅಮ್ಮ ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ ತಟ್ಟೆಯ ಮೇಲೆ ಒಮ್ಮೆ ಕಣ್ಣಾಡಿಸಿ ಯಾವುದು ಜ್ವರದ್ದು, ಯಾವುದನ್ನು ಆಯ್ದು ತೆಗೆಯಬೇಕು ಎಂದು ಹೇಳಿಬಿಡುತ್ತಿದ್ದಳು. ಮಾತಿಲ್ಲದ ಹುಳುಗಳು ಏನು ಹೇಳುತ್ತಿವೆ ಎಂದು ತಿಳಿಯುತ್ತಿದ್ದ ಹೆಂಗಸು ಅವಳು.

2019ರ ಮಳೆಗಾಲ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು, ಅಮ್ಮ ತಮ್ಮನ ಜೊತೆ ಇದ್ದಳು. ಅವಳಿಗೆ ಮೊದಲಿನಿಂದಲೂ ಸಕ್ಕರೆ ಕಾಯಿಲೆ. ಭಾನುವಾರ ಭಾನುವಾರ ನಾನು ಫೋನು ಮಾಡುತ್ತಿದ್ದೆ. ಹೊಸ ಚಪ್ಪಲಿ ಕಾಲು ಕಚ್ಚಿದೆ ಎಂದು ಒಂದು ವಾರ ಹೇಳಿದಳು. ಮುಂದಿನ ವಾರ "ಕಾಲು ಹೇಗಿದೆಯಮ್ಮ?" ಎಂದೆ. "ಪರವಾಗಿಲ್ಲ ಬಿಡು" ಎಂದಳು. ಅದರ ಮುಂದಿನ ವಾರವೂ ಅದೇ ಪ್ರಶ್ನೆ, ಅದೇ ಉತ್ತರ. ನಾನು ಬಿಟ್ಟೆ. ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬದ ಕೆಲಸ. ನಾಲ್ಕನೇ ವಾರ ಫೋನು ತಮ್ಮನಿಂದ ಬಂತು. ಕಾಲು ಕಪ್ಪಗಾಗಿದೆ, ವಾಸನೆ ಬರುತ್ತಿದೆ, ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದ. ಎಡಗಾಲಿನ ಎರಡು ಬೆರಳು ತೆಗೆದರು.

ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಕೂತು ನಾನು ಅತ್ತುಬಿಟ್ಟೆ. "ಯಾಕಮ್ಮ ಹೇಳಲಿಲ್ಲ?" ಎಂದೆ.

ಅಮ್ಮ ನಿಜವಾಗಿಯೂ ಆಶ್ಚರ್ಯದಿಂದ ನನ್ನನ್ನು ನೋಡಿದಳು. "ಹೇಳಿದ್ನಲ್ಲೇ. ಪರವಾಗಿಲ್ಲ ಬಿಡು ಅಂದೆನಲ್ಲ."

ಆಗ ನೆನಪಾಯಿತು. ನಮ್ಮ ತೌರಿನಲ್ಲಿ ಬರಿಯ "ಪರವಾಗಿಲ್ಲ" ಬೇರೆ, "ಪರವಾಗಿಲ್ಲ ಬಿಡು" ಬೇರೆ. ಆ "ಬಿಡು" ಸೇರಿದರೆ, ಸರಿಯಿಲ್ಲ, ಆದರೆ ನಿನಗೆ ತೊಂದರೆ ಕೊಡಲು ಇಷ್ಟವಿಲ್ಲ ಎಂದು ಅರ್ಥ. ಗೂಡಿಗೆ ಬೆಲೆ ಬರದೆ ಅಪ್ಪ ಮಾರುಕಟ್ಟೆಯಿಂದ ತಿರುಗಿದ ದಿನ ಅಮ್ಮ ಹೇಳುತ್ತಿದ್ದದ್ದು ಅದೇ. ಹುಡುಗಿಯಾಗಿದ್ದಾಗ ಅದನ್ನು ಕೇಳಿದ ಕೂಡಲೇ ನಾನು ಆಡುವುದನ್ನು ಬಿಟ್ಟು ಒಳಗೆ ಬರುತ್ತಿದ್ದೆ. ಮದುವೆಯಾಗಿ ಗೌರಿಬಿದನೂರಿಗೆ ಬಂದೆ. ಇಲ್ಲಿ ನಮ್ಮ ಅತ್ತೆ ನೇರ ಮಾತಿನವರು. ಅವರಿಗೆ ಸರಿಯಿಲ್ಲದಿದ್ದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. "ಪರವಾಗಿಲ್ಲ ಬಿಡು" ಎಂದರೆ ಆ ವಿಷಯ ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ಮೂವತ್ತು ವರ್ಷದಲ್ಲಿ ನಾನು ಈ ಮನೆಯ ಪದ್ಧತಿಗೆ ಎಷ್ಟು ಒಗ್ಗಿಹೋಗಿದ್ದೆನೆಂದರೆ, ಅಮ್ಮನ ಬಾಯಿಂದ ಬಂದ ಮಾತನ್ನು ಅತ್ತೆಯ ನಿಘಂಟು ಹಿಡಿದು ಓದಿದ್ದೆ.

ಡಾಕ್ಟರು ಇನ್ನೊಂದು ಮಾತು ಹೇಳಿದರು. ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದವರಲ್ಲಿ ಕಾಲಿನ ನರಗಳು ಸೋತು ನೋವು ತಿಳಿಯುವುದೇ ಕಡಿಮೆಯಾಗುತ್ತದೆಯಂತೆ. ಅದರಿಂದ ನೋವು ಬರಲಿ ಎಂದು ಕಾಯಬಾರದು, ದಿನಾ ರಾತ್ರಿ ಅಂಗಾಲನ್ನೂ ಬೆರಳ ಸಂದಿಯನ್ನೂ ಕಣ್ಣಿಂದ ನೋಡಿಕೊಳ್ಳಬೇಕು. ಬಗ್ಗಲಾಗದಿದ್ದರೆ ಕೆಳಗೆ ಕನ್ನಡಿ ಇಟ್ಟು ನೋಡಬೇಕು, ಇಲ್ಲವೇ ಮನೆಯವರು ನೋಡಬೇಕು. (ನಿಮ್ಮ ಮನೆಯಲ್ಲಿ ಅಂಥವರಿದ್ದರೆ ದಯವಿಟ್ಟು ಇದನ್ನು ಇವತ್ತಿನಿಂದಲೇ ಶುರುಮಾಡಿ.) ಅಂದರೆ ನಾನು ಅಮ್ಮನನ್ನು ಕೇಳುವ ಮೊದಲು ಅಮ್ಮ ತನ್ನ ಕಾಲನ್ನು ಕೇಳಿದ್ದಳು. ಕಾಲು ಅವಳಿಗೆ ಸೊನ್ನೆ ಹೇಳಿತ್ತು. ಆ ಸೊನ್ನೆ, ಏನೂ ಆಗಿಲ್ಲ ಎಂಬುದಾಗಿರಲಿಲ್ಲ. ಹೇಳುವ ಶಕ್ತಿ ನನಗಿಲ್ಲ ಎಂಬುದಾಗಿತ್ತು.

ನಮ್ಮ ಊರಿನ ಹತ್ತಿರ 1965ರಿಂದ ಒಂದು ಭೂಕಂಪನ ಕೇಂದ್ರವಿದೆ, ಈಗ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರದು. ಎಲ್ಲೋ ದೂರದಲ್ಲಿ ನೆಲ ಅದುರಿದರೂ ಇಲ್ಲಿಯ ಉಪಕರಣಗಳಿಗೆ ತಿಳಿಯುತ್ತದೆ. ಆ ಕಡೆ ಹೋದಾಗಲೆಲ್ಲ ಈಗ ಅನ್ನಿಸುವುದುಂಟು: ಒಂದು ಸೂಜಿ ಅಲ್ಲಾಡದೆ ಕೂತಿದ್ದರೆ ಭೂಮಿ ಸುಮ್ಮನಿದೆ ಎಂದೋ, ಸೂಜಿ ಕೆಟ್ಟಿದೆ ಎಂದೋ? ಅಲ್ಲಿ ಕೆಲಸ ಮಾಡುವವರು ಅದನ್ನು ವಿಚಾರಿಸದೆ ಮನೆಗೆ ಹೋಗುವುದಿಲ್ಲ. ನಾವು ಹೋಗುತ್ತೇವೆ.

ತಪ್ಪು ಯಾರದು ಎಂಬ ಪ್ರಶ್ನೆ ನನ್ನನ್ನು ಐದು ವರ್ಷ ಕಾಡಿತ್ತು. ಕೆಲವು ದಿನ ಅಮ್ಮನ ಮೇಲೆ ಸಿಟ್ಟು. ಇಷ್ಟು ದೊಡ್ಡ ವಿಷಯವನ್ನು ಒಂದು "ಬಿಡು"ವಿನಲ್ಲಿ ಸುತ್ತಿ ಕೊಟ್ಟರೆ ಹೇಗೆ? ಕೆಲವು ದಿನ ನನ್ನ ಮೇಲೆ. ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕು ನಮ್ಮದು. ಪ್ರಶ್ನೆ ಮಾಡಿ ಎಂದು ಜೀವಮಾನವೆಲ್ಲ ಹೇಳಿದವರು. ಅವರ ಹೆಸರನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಆದರೆ ಅಮ್ಮನಿಗೆ ಎರಡನೆಯ ಪ್ರಶ್ನೆ ಕೇಳಲಿಲ್ಲ. ಮಗಳು ಹೇಳಿದ ಸಂಗತಿ ಕೇಳಿದ ಮೇಲೆ, ನಾನು ಇಷ್ಟು ವರ್ಷ ಇಬ್ಬರಲ್ಲಿ ಒಬ್ಬರನ್ನು ಕಟಕಟೆಯಲ್ಲಿ ನಿಲ್ಲಿಸಲೇಬೇಕೆಂದು ಹೊರಟದ್ದೇ ಸರಿಯಲ್ಲವೇನೋ ಎನಿಸಿತು. ಅಮ್ಮ ಸುಳ್ಳು ಹೇಳಲಿಲ್ಲ. ನಾನೂ ಕೇಳಿಸಿಕೊಳ್ಳದೆ ಇರಲಿಲ್ಲ. ನಮ್ಮಿಬ್ಬರ ನಡುವೆ ಇದ್ದ ಒಪ್ಪಂದ ಯಾವಾಗಲೋ ಹರಿದುಹೋಗಿತ್ತು, ಹರಿದದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದಿರುವುದೇ ಕ್ಷಮೆಗೆ ಸಾಕೇ? ಸಾಕು ಎಂದು ನನಗೆ ಅನ್ನಿಸುವುದಿಲ್ಲ. ಮಾತಿನ ಅರ್ಥ ಒಂದೇ ಆಗಿದೆಯೇ ಎಂದು ಆಗಾಗ ನೋಡಿಕೊಳ್ಳುವುದು ಕೇಳುವವರ ಕೆಲಸ, ಮುಖ್ಯವಾಗಿ ಕೇಳುವವರು ಕೈಕಾಲು ಗಟ್ಟಿಯಿರುವವರಾಗಿದ್ದರೆ.

"ಹಾಗಾದರೆ ಎಲ್ಲರೂ ಒಂದೇ ಥರ ಹೇಳಲಿ ಅಂತ ಒಂದು ನಿಯಮ ಮಾಡಿಬಿಟ್ಟರಾಯಿತಲ್ಲ" ಎಂದೆ ಮಗಳಿಗೆ.

ಮಾಡಿದ್ದಾರಂತೆ. ಲಿನಕ್ಸ್ ಎಂಬ ದೊಡ್ಡ ವ್ಯವಸ್ಥೆಯನ್ನು ಬರೆಯುವವರು ತಮ್ಮ ನಿಯಮ ಪುಸ್ತಕದಲ್ಲಿ ಇದಕ್ಕೊಂದು ಭಾಗ ಇಟ್ಟಿದ್ದಾರೆ. ತುಂಡಿನ ಹೆಸರು ಅಪ್ಪಣೆಯಂತಿದ್ದರೆ, ಅಂದರೆ "ಸೇರಿಸು" "ತೆಗೆ" ಎಂಬಂತಿದ್ದರೆ, ಕೆಲಸ ಆದಾಗ ಸೊನ್ನೆ, ಕೆಟ್ಟಾಗ ಯಾವ ತೊಂದರೆ ಎಂದು ಹೇಳುವ ಮೈನಸ್ ಸಂಖ್ಯೆ. ಹೆಸರು ಪ್ರಶ್ನೆಯಂತಿದ್ದರೆ, "ಇದೆಯೇ" ಎಂಬಂತಿದ್ದರೆ, ಹೌದಕ್ಕೆ ಒಂದು, ಇಲ್ಲಕ್ಕೆ ಸೊನ್ನೆ. ಎರಡನ್ನು ಕಲಸಿದರೆ ಹುಡುಕಲಾಗದ ತಪ್ಪುಗಳು ಹುಟ್ಟುತ್ತವೆ ಎಂಬ ಎಚ್ಚರಿಕೆಯೂ ಇದೆಯಂತೆ. ನನಗೆ ನಗು ಬಂತು. "ಮಾತ್ರೆ ತಗೋ" ಎಂದರೂ ನಮ್ಮೆಜಮಾನರು "ಹ್ಞೂಂ", "ಮಾತ್ರೆ ತಗೊಂಡ್ರಾ" ಎಂದರೂ "ಹ್ಞೂಂ". ಮೊದಲನೆಯದು ತಗೋತೀನಿ ಎಂಬ ಹ್ಞೂಂ. ಎರಡನೆಯದು, ಪೇಪರು ಓದುತ್ತಿದ್ದೇನೆ ಸುಮ್ಮನಿರು ಎಂಬ ಹ್ಞೂಂ.

ಆದರೆ ನಿಯಮ ಬರೆದ ಮಾತ್ರಕ್ಕೆ ಹಳೆಯದು ಸರಿಹೋಗುವುದಿಲ್ಲ. ಒಂದು ತುಂಡು ಉತ್ತರ ಹೇಳುವ ರೀತಿಯನ್ನು ಬದಲಿಸಿದರೆ ಅದನ್ನು ಕೇಳುವವರೆಲ್ಲ ಬದಲಾಗಬೇಕು. ಇನ್ನೂರು ಕಡೆ ಬದಲಿಸಿ ಒಂದು ಕಡೆ ಮರೆತರೆ ಅಲ್ಲಿ ಎಲ್ಲ ತಲೆಕೆಳಗು: ಒಳ್ಳೆಯ ಸುದ್ದಿ ಕೆಟ್ಟದಾಗಿ, ಕೆಟ್ಟದ್ದು ಒಳ್ಳೆಯದಾಗಿ ಕೇಳಿಸುತ್ತದೆ. ಅದಕ್ಕೇ ಅವಳ ಮೇಲಿನವರು, ನಡೆಯುತ್ತಿರುವುದನ್ನು ಯಾಕೆ ಮುಟ್ಟುತ್ತೀಯ ಎಂದು ಹೇಳಿದ್ದರಂತೆ. ಆ ಪೆನ್ಸಿಲಿನ ಪಟ್ಟಿ, ಯಾರು ಯಾರನ್ನು ಕೇಳುತ್ತಾರೆ ಎಂಬ ಪಟ್ಟಿ. ಒಂದೊಂದು ಕಡೆ ಹೋಗಿ ನೋಡಿ, ತಿದ್ದಿ, ಗುರುತು ಹಾಕುತ್ತಿದ್ದಳು. ಕೆಲವು ಕಡೆ ಉತ್ತರವನ್ನು ಯಾರೂ ಕೇಳುತ್ತಲೇ ಇರಲಿಲ್ಲವಂತೆ. ಕೆಲಸ ಹೇಳಿ ಕಳಿಸಿ, ಹಿಂತಿರುಗಿ ನೋಡದೆ ಮುಂದೆ ಹೋಗಿಬಿಟ್ಟಿದ್ದರು. "ಅಂಥಾ ಕಡೆ ಜಾಸ್ತಿ ಬೇಜಾರಾಗುತ್ತಮ್ಮ, ಪಾಪ ಅದು ಹದಿನೆಂಟು ವರ್ಷದಿಂದ ಹೇಳ್ತಾನೇ ಇದೆ" ಎಂದಳು.

ಈ ಮಾತು ನನ್ನನ್ನು ಇನ್ನೊಂದು ಕಡೆ ಎಳೆದುಕೊಂಡು ಹೋಯಿತು. ಪ್ರೋಗ್ರಾಮಿನ ತುಂಡು ಮೈನಸ್ ಒಂದು ಎಂದರೆ ಅದನ್ನು ಯಾರೂ ಬೈಯುವುದಿಲ್ಲ. ನಮ್ಮ ಅಮ್ಮಂದಿರ ಕಾಲದ ಸೊಸೆ, ಕಾಲು ನೋವು ಎಂದು ನೇರವಾಗಿ ಹೇಳಿದ್ದರೆ ಏನಾಗುತ್ತಿತ್ತು? ಕೆಲಸಗಳ್ಳಿ ಎನ್ನಿಸಿಕೊಳ್ಳುತ್ತಿದ್ದಳು. ಅನ್ನ ಸಾಲಲಿಲ್ಲ ಎಂದರೆ ಹೊಟ್ಟೆಬಾಕಿ. ಗಂಡ ಹೊಡೆದ ಎಂದು ತೌರಿಗೆ ಬರೆದರೆ, ಹೊಂದಿಕೊಂಡು ಹೋಗು ಎಂಬ ಉತ್ತರ. ಹೇಳಿದ್ದಕ್ಕೆ ಶಿಕ್ಷೆ ಬೀಳುವ ಕಡೆ ಹೆಂಗಸರು ಹೇಳಿದಂತೆಯೂ ಆಗಬೇಕು, ಹೇಳದಂತೆಯೂ ಇರಬೇಕು ಎಂಬ ಮಾತುಗಳನ್ನು ಕಂಡುಕೊಂಡರು. ಅಮ್ಮನ "ಬಿಡು" ಅಂಥದ್ದು. ಅವಳ ಮನಸ್ಸು ತಿಳಿದವರಿಗೆ ಮಾತ್ರ ತಲುಪಲಿ, ಉಳಿದವರಿಗೆ ಬರಿಯ ವಿನಯವಾಗಿ ಕೇಳಿಸಲಿ ಎಂದು ಇಟ್ಟ ಮಾತು. ಅದನ್ನು ಈಗ ನಾನು, ವಿದ್ಯಾವಂತೆ, ಪಿಂಚಣಿ ಬರುವವಳು, ಅಸ್ಪಷ್ಟ ಎಂದು ಬೈದರೆ ನ್ಯಾಯವೇ? ಎಪ್ಪತ್ತು ವರ್ಷ ನೇರವಾಗಿ ಹೇಳಲು ಬಿಡದೆ, ಎಪ್ಪತ್ತೊಂದನೆಯ ವರ್ಷದಲ್ಲಿ "ಸರಿಯಾಗಿ ಹೇಳಬಾರದೇ" ಎಂದು ಕೇಳಿದ ಹಾಗೆ.

ಆದರೂ ಬೆರಳು ಹೋದದ್ದು ಹೋಯಿತಲ್ಲ. ವಿನಯಕ್ಕೆ ಗೌರವ ಕೊಡುತ್ತಾ ಕೂತರೆ ಕಾಲು ಉಳಿಯುವುದಿಲ್ಲ.

ಮಗಳು ಹೊರಟ ಮೇಲೆ ನಾನೂ ಒಂದು ಪಟ್ಟಿ ಮಾಡಿದೆ. ಅಮ್ಮನನ್ನು ಕೇಳುವವರು ನಾವು ಐದು ಜನ: ನಾನು, ತಮ್ಮ, ಅವನ ಹೆಂಡತಿ, ನನ್ನ ಮಗಳು, ಬೆಂಗಳೂರಿನಲ್ಲಿರುವ ತಂಗಿ. ಐದೂ ಜನಕ್ಕೆ ಹೇಳಿದೆ. "ಹೇಗಿದ್ದೀಯ" ಎಂದು ಇನ್ನು ಯಾರೂ ಕೇಳಬಾರದು, ಅದಕ್ಕೆ ಅಮ್ಮನ ಹತ್ತಿರ ಒಂದೇ ಉತ್ತರ ಇರುವುದು. ಕಾಲು ನೋಡಿಕೊಂಡೆಯಾ, ಏನು ಕಂಡಿತು ಎಂದು ಕೇಳಬೇಕು. ಹೇಳಿದ್ದಕ್ಕೆ "ಅಯ್ಯೋ, ಮೊದಲೇ ಯಾಕೆ ಹೇಳಲಿಲ್ಲ" ಎಂದು ಯಾರೂ ಬೈಯಕೂಡದು. ತಮ್ಮನ ಹೆಂಡತಿ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಹಾಗೆ ಬೈಯೋದು ನೀವೇ ಜಾಸ್ತಿ" ಎಂದಳು. ನಿಜ.

ಅಮ್ಮನಿಗೆ ಇದೆಲ್ಲ ತಮಾಷೆಯಾಗಿ ಕಂಡಿತು. ಏನೂ ಇಲ್ಲದಿದ್ದರೆ ಸೊನ್ನೆ ಎನ್ನು ಎಂದು ಮೊಮ್ಮಗಳು ಹೇಳಿಕೊಟ್ಟಳು. "ವಯಸ್ಸಾದವಳ ಬಾಯಲ್ಲಿ ಸೊನ್ನೆ ಅನ್ನಿಸ್ತೀರೇನೇ" ಎಂದು ಮೊದಲು ಮುನಿಸಿಕೊಂಡಳು. ಆಮೇಲೆ ಅವಳೇ ಅದನ್ನು ಆಟ ಮಾಡಿಕೊಂಡಳು. ಈಗ ರಾತ್ರಿ ಎಂಟು ಗಂಟೆಗೆ ನಾನು ಫೋನು ಮಾಡಿದರೆ, ಕನ್ನಡಿ ಪಕ್ಕದಲ್ಲಿಟ್ಟುಕೊಂಡೇ ಮಾತಾಡುತ್ತಾಳೆ. ಒಂದು ದಿನ "ಸೊನ್ನೆ" ಎಂದಳು. ಇನ್ನೊಂದು ದಿನ, "ಕಿರುಬೆರಳ ಪಕ್ಕ ಕಡ್ಲೆಬೇಳೆಯಷ್ಟು ಕೆಂಪಗಿದೆ" ಎಂದಳು. ಮಾರನೆಯ ದಿನವೇ ತಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನನಗೆ "ಮೊದಲೇ" ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಹೋದ ವಾರ ಕಾಲಿನ ಸಮಾಚಾರ ಮುಗಿದ ಮೇಲೆ ಅಮ್ಮ, "ನಿನ್ನ ಮಂಡಿ ನೋವು ಹೇಗಿದೆಯೇ? ಮೆಟ್ಟಿಲು ಹತ್ತೋಕೆ ಆಗ್ತಾ ಇದೆಯಾ?" ಎಂದು ಕೇಳಿದಳು.

ಒಲೆಯ ಮೇಲೆ ಹಾಲಿತ್ತು. "ಹ್ಞೂಂ, ಪರವಾಗಿಲ್ಲ ಬಿಡಮ್ಮ" ಎಂದೆ.

ಆ ಕಡೆ ಒಂದು ಗಳಿಗೆ ಸದ್ದಿರಲಿಲ್ಲ.

"ಬಿಡು ಅಂದ್ಯಲ್ಲ. ಹಾಲು ಇಳಿಸಿ ಬಂದು ಕೂತ್ಕೋ. ಏನಾಯ್ತು ಹೇಳು" ಎಂದಳು ಅಮ್ಮ.